ಶೇಡಿಗುಡ್ಡೆಯಿಂದ ಪಚ್ಚನಾಡಿಗೆ: ಸೇವಾಸಂಸ್ಥೆಗಳು ನಡೆದು ಬಂದ ಹಾದಿ

ಮಂಗಳೂರಿನ ಪುರಭವನದ ಮೆಟ್ಟಿಲು ಹತ್ತದವರು ಈ ಊರಿನಲ್ಲಿ ಕಡಿಮೆ. ಯಕ್ಷಗಾನ, ನಾಟಕ, ಶಾಲಾ ವಾರ್ಷಿಕೋತ್ಸವ, ಸನ್ಮಾನ, ಪುಸ್ತಕ ಬಿಡುಗಡೆ – ಒಂದಲ್ಲ ಒಂದು ಕಾರಣಕ್ಕೆ ಎಲ್ಲರೂ ಅಲ್ಲಿಗೆ ಹೋಗಿ ಕುಳಿತು ಬಂದವರೇ. ಆ ಕಟ್ಟಡಕ್ಕೆ ಇಂದು ಕುದ್ಮುಲ್ ರಂಗರಾಯರ ಹೆಸರಿದೆ. ಆ ಹೆಸರಿನ ವ್ಯಕ್ತಿ ಏನು ಮಾಡಿದರು ಎಂದು ಹೊರಬರುವವರನ್ನು ತಡೆದು ಕೇಳಿದರೆ, ‘ದಲಿತರಿಗಾಗಿ ದುಡಿದವರು’ ಎಂಬ ಉತ್ತರ ಕೆಲವರಿಂದ ಬಂದೀತು. ಅದಕ್ಕಿಂತ ಹೆಚ್ಚಿನ ವಿವರ ಬರುವುದು ಅಪರೂಪ.

ವಿವರ ಮುಖ್ಯ. ಏಕೆಂದರೆ ಇಂದು ಯಾವುದನ್ನು ನಾವು ಸ್ವಯಂಸೇವಾ ಸಂಸ್ಥೆ, ಲಾಭದ ಉದ್ದೇಶವಿಲ್ಲದ ಸಂಸ್ಥೆ, ಎನ್.ಜಿ.ಓ. ಎಂದೆಲ್ಲ ಕರೆಯುತ್ತೇವೆಯೋ ಅದರ ಎಲ್ಲ ಕಷ್ಟಗಳನ್ನೂ ರಂಗರಾಯರು ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ಇದೇ ಊರಿನಲ್ಲಿ ಅನುಭವಿಸಿದ್ದರು. ಹಣದ ಕೊರತೆ, ಜನದ ಕೊರತೆ, ನೆರೆಹೊರೆಯವರ ವಿರೋಧ, ‘ನನ್ನ ನಂತರ ಯಾರು’ ಎಂಬ ಚಿಂತೆ ಯಾವುದೂ ಹೊಸದಲ್ಲ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಕಡೆಯ ಕುದ್ಮುಲ್‌ನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದರು. ಮೊದಲು ಮೇಷ್ಟ್ರಾದರು, ಆಮೇಲೆ ಖಾಸಗಿಯಾಗಿ ಓದಿ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬಡವರ ವಕೀಲರೆಂದೇ ಹೆಸರು ಪಡೆದರು. ಮಂಗಳೂರಿನಲ್ಲಿ ಬ್ರಹ್ಮಸಮಾಜ ಪ್ರಾರಂಭವಾದದ್ದು 1870ರಲ್ಲಿ. ಅದರ ಸಂಪರ್ಕಕ್ಕೆ ಬಂದ ಅವರಿಗೆ ಜಾತಿಯ ಕಟ್ಟಲೆಗಳು ಸಡಿಲವಾದವು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ, ಬಾಡಿಗೆ ಕಟ್ಟಡವೊಂದರಲ್ಲಿ, ಆಗ ‘ಪಂಚಮರು’ ಎಂದು ಕರೆಯಲಾಗುತ್ತಿದ್ದ ಅಸ್ಪೃಶ್ಯರ ಮಕ್ಕಳಿಗಾಗಿ ಅವರು ಒಂದು ಶಾಲೆ ತೆರೆದರು. 1897ರಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಎಂಬ ಸಂಸ್ಥೆ ಕಟ್ಟಿದರು. ಮಂಗಳೂರಿಗರ ಬಾಯಲ್ಲಿ ಅದು ಚಿಕ್ಕದಾಗಿ ‘ಡಿ.ಸಿ.ಎಂ.’ ಆಯಿತು. ಶಾಲೆ ಅಲ್ಲಿ ಇಲ್ಲಿ ಅಲೆದು ಕೊನೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ನೆಲೆ ಕಂಡಿತು.

ಶಾಲೆ ತೆರೆಯುವುದು ಸುಲಭ, ಮಕ್ಕಳನ್ನು ತರುವುದು ಕಷ್ಟ. ಮಕ್ಕಳು ದುಡಿದರೆ ಮಾತ್ರ ಸಂಜೆ ಗಂಜಿ ಎನ್ನುವ ಮನೆಗಳವು. ಮಗು ಶಾಲೆಗೆ ಹೋದರೆ ಒಂದು ಆಳು ಕಡಿಮೆಯಾಗುತ್ತದೆ. ಅಂಥ ತಂದೆತಾಯಿಗಳಿಗೆ ವಿದ್ಯೆಯ ಮಹಿಮೆಯ ಬಗ್ಗೆ ಭಾಷಣ ಮಾಡಿ ಪ್ರಯೋಜನವೇನು? ರಂಗರಾಯರು ಭಾಷಣ ಮಾಡಲಿಲ್ಲ. ಮಧ್ಯಾಹ್ನದ ಊಟವನ್ನು ಶಾಲೆಯಲ್ಲೇ ಕೊಟ್ಟರು. ಮಗುವನ್ನು ಕಳುಹಿಸಿದ ಮನೆಗೆ ದಿನಕ್ಕಿಷ್ಟು ಎಂದು ಪುಡಿಗಾಸನ್ನೂ ಕೊಟ್ಟರು. ಕಲಿಸಲು ಮೇಲ್ಜಾತಿಯ ಮೇಷ್ಟ್ರುಗಳು ಒಪ್ಪದಿದ್ದಾಗ ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಅಕ್ಷರದ ಜೊತೆಗೆ ಬಡಗಿ ಕೆಲಸ, ನೇಯ್ಗೆ ಮುಂತಾದ ಕಸುಬುಗಳನ್ನೂ ಸೇರಿಸಿದರು. ಓದು ಮುಗಿಸಿದ ಹುಡುಗ ಮತ್ತೆ ಅದೇ ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲಬಾರದು ಎಂಬುದು ಅವರ ಲೆಕ್ಕಾಚಾರ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶ ನೀಡಿದ್ದು 2001ರ ನವೆಂಬರಿನಲ್ಲಿ. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ ಪ್ರಾರಂಭವಾದದ್ದು ಅದರ ಬೆನ್ನಿಗೆ. ಹಸಿದ ಹೊಟ್ಟೆಗೆ ಪಾಠ ಹಿಡಿಸದು ಎಂಬ ಸರಳ ಸತ್ಯವನ್ನು ಮಂಗಳೂರಿನ ಒಬ್ಬ ವಕೀಲರು, ಯಾವ ಆದೇಶವೂ ಇಲ್ಲದೆ, ಕೈಯಿಂದ ಖರ್ಚು ಮಾಡಿ, ಹಲವು ದಶಕಗಳ ಹಿಂದೆಯೇ ಪ್ರಯೋಗಿಸಿ ನೋಡಿದ್ದರು. ಸೇವಾಸಂಸ್ಥೆಗಳ ಪಾತ್ರವೇನು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಪ್ರಯೋಗಶಾಲೆಯಲ್ಲಿ ಪರೀಕ್ಷಾನಳಿಕೆ ಮಾಡುವ ಕೆಲಸವನ್ನೇ ಸಮಾಜದಲ್ಲಿ ಅವು ಮಾಡುತ್ತವೆ. ನಳಿಕೆಯಲ್ಲಿ ಮಾಡಿದ್ದು ಯಶಸ್ವಿಯಾದರೆ ಕಾರ್ಖಾನೆಯಲ್ಲಿ ಮಾಡಬಹುದು. ವಿಫಲವಾದರೆ ಒಡೆಯುವುದು ಒಂದು ನಳಿಕೆ ಮಾತ್ರ. ಸರ್ಕಾರಕ್ಕೆ ಲಕ್ಷಾಂತರ ಮಕ್ಕಳಿಗೆ ಊಟ ಹಾಕುವ ಶಕ್ತಿ ಇದೆ. ಮೊದಲ ಮೂವತ್ತು ಮಕ್ಕಳ ಮೇಲೆ ಹೀಗೆ ಮಾಡಿ ನೋಡೋಣ ಎನ್ನುವ ಧೈರ್ಯ ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ.

ನಳಿಕೆ ಒಡೆದರೆ ನಷ್ಟ ಕಡಿಮೆ ಎನ್ನುವುದು ಹೊರಗಿನವರ ಮಾತು. ನಳಿಕೆಯಾದವರಿಗೆ ಅದು ಸಣ್ಣ ನಷ್ಟವಲ್ಲ. ರಂಗರಾಯರನ್ನು ಜಾತಿಯವರು ಬಹಿಷ್ಕರಿಸಿದರು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಮಗಳು ರಾಧಾಬಾಯಿಗೆ ಅವರು ಮರುಮದುವೆ ಮಾಡಿಸಿದರು. ವರ ಬೇರೆ ಜಾತಿಯವರು, ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರರಾದ ಪಿ. ಸುಬ್ಬರಾಯನ್, ಮುಂದೆ ಅವರು ಮದರಾಸು ಪ್ರಾಂತ್ಯದ ಮುಖ್ಯ ಸಚಿವರಾದರು. ರಾಧಾಬಾಯಿ ಸುಬ್ಬರಾಯನ್ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದ ಮಹಿಳೆಯರಲ್ಲಿ ಒಬ್ಬರು. ಅವರ ಮಗ ಪಿ.ಪಿ. ಕುಮಾರಮಂಗಲಂ ಭಾರತದ ಭೂಸೇನೆಯ ಮುಖ್ಯಸ್ಥರಾದರು. ಮೋಹನ್ ಕುಮಾರಮಂಗಲಂ ಕೇಂದ್ರ ಸಚಿವರಾದರು. ಮನೆತನದ ಈ ಹಿರಿಮೆಯೆಲ್ಲ ಆಮೇಲಿನ ಮಾತು. ಬಹಿಷ್ಕಾರದ ದಿನಗಳಲ್ಲಿ ಅದು ಯಾರಿಗೆ ತಿಳಿದಿತ್ತು?

ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಅಧಿಕಾರಿಯಾಗಿ ಕಾರಿನಲ್ಲಿ ಹೋಗುವಾಗ ಎದ್ದ ಧೂಳು ತಮ್ಮ ತಲೆಗೆ ಬಿದ್ದರೆ ಬದುಕು ಸಾರ್ಥಕ ಎಂದು ರಂಗರಾಯರು ಹೇಳುತ್ತಿದ್ದರೆಂಬುದು ಮಂಗಳೂರಿನಲ್ಲಿ ಪ್ರಸಿದ್ಧ. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಗಾಂಧೀಜಿ ಮಂಗಳೂರಿಗೆ ಬಂದು ಈ ಮಿಷನ್ನಿಗೂ ಭೇಟಿಕೊಟ್ಟರು. ಆದರೆ ಆಗ ರಂಗರಾಯರು ಇರಲಿಲ್ಲ.

ಇಲ್ಲದಿದ್ದರೂ ಸಂಸ್ಥೆ ಇತ್ತು. ಅದಕ್ಕೂ ಕಾರಣ ಅವರೇ. ಆರೋಗ್ಯ ಕೆಡುತ್ತಾ ಬಂದಾಗ ಅವರು ಮಿಷನ್ನನ್ನು ಮನೆಯವರಿಗೋ ಆಪ್ತರಿಗೋ ಬಿಟ್ಟುಕೊಡಲಿಲ್ಲ. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ‘ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ’ಗೆ ವಹಿಸಿಕೊಟ್ಟರು. ತಾನು ಕಟ್ಟಿದ್ದನ್ನು ಬದುಕಿರುವಾಗಲೇ ಬೇರೆಯವರ ಕೈಗೆ ಕೊಡುವುದು ಎಷ್ಟು ಕಷ್ಟ ಎಂಬುದು ಸಂಸ್ಥೆ ಕಟ್ಟಿದವರಿಗೆ ಗೊತ್ತು.

ದುಡಿದು ಸೇವೆ

ಮಂಗಳೂರಿನ ಇನ್ನೆರಡು ಹಳೆಯ ಉದಾಹರಣೆಗಳನ್ನು ಇಲ್ಲಿ ಹೇಳಬೇಕು. ಎರಡೂ ಹಣಕ್ಕೆ ಸಂಬಂಧಿಸಿದವು.

ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಮಂಗಳೂರಿಗೆ ಬಂದದ್ದು 1878ರ ಕೊನೆಗೆ. ಕಾಲೇಜಿನಲ್ಲಿ ಪಾಠ ಹೇಳಬೇಕಾಗಿದ್ದ ಅವರು, ತಮ್ಮಲ್ಲಿದ್ದ ಹೋಮಿಯೋಪಥಿ ಗುಳಿಗೆಗಳನ್ನು ಬಡ ರೋಗಿಗಳಿಗೆ ಕೊಡಲು ತೊಡಗಿದರು. 1880ರಲ್ಲಿ ಕಂಕನಾಡಿಯ ಬಡವರ ಔಷಧಾಲಯ ಹುಟ್ಟಿತು. 1890ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ, 1902ರಲ್ಲಿ ಪ್ಲೇಗು ಬಂದಾಗ ಪ್ಲೇಗಿನ ಆಸ್ಪತ್ರೆ. ಇದಕ್ಕೆಲ್ಲ ಹಣ? ಮುಲ್ಲರ್ ಔಷಧಿಗಳನ್ನು ತಯಾರಿಸಿ ದೇಶದ ಮೂಲೆಮೂಲೆಗೆ ಅಂಚೆಯಲ್ಲಿ ಮಾರಿದರು. ಕೊಳ್ಳುವ ಶಕ್ತಿ ಇದ್ದವರ ದುಡ್ಡು ಕೊಳ್ಳಲಾಗದವರ ಹಾಸಿಗೆಯಾಯಿತು. ಹೋಮಿಯೋಪಥಿಯ ಪರಿಣಾಮದ ಬಗ್ಗೆ ವಿಜ್ಞಾನಿಗಳು ಎತ್ತುವ ಪ್ರಶ್ನೆಗಳು ಬೇರೆ. ಅವನ್ನು ಬೇರೆಯೇ ಚರ್ಚಿಸಬೇಕು. ದಾನಿಯ ಮರ್ಜಿ ಕಾಯದೆ ನಡೆಯಬಲ್ಲ ಸೇವೆಯೊಂದನ್ನು ಮುಲ್ಲರ್ ಕಟ್ಟಿದರು ಎಂಬುದರಲ್ಲಿ ಸಂಶಯವಿಲ್ಲ. ಅವರು 1910ರಲ್ಲಿ ತೀರಿಕೊಂಡರು. ಆ ಔಷಧಾಲಯ ಇಂದು ವೈದ್ಯಕೀಯ ಕಾಲೇಜು ಸಹಿತವಾದ ದೊಡ್ಡ ಆಸ್ಪತ್ರೆ.

ಇನ್ನೊಂದು ಬಾಸೆಲ್ ಮಿಷನ್ನಿನದು. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಷನ್, ಮತಾಂತರಗೊಂಡು ಜಾತಿಯ ಕಸುಬು, ಗೇಣಿಯ ಭೂಮಿ ಎರಡನ್ನೂ ಕಳೆದುಕೊಂಡವರಿಗೆ ಉದ್ಯೋಗ ಕೊಡಬೇಕಾಗಿ ಬಂದು ನೇಯ್ಗೆ ಶಾಲೆ ತೆರೆಯಿತು; 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಪ್ರಾರಂಭಿಸಿತು. ಕರಾವಳಿಯ ಕೆಂಪು ಮಾಡುಗಳ ಕಥೆ ಅಲ್ಲಿಂದ ಶುರು. ಇಷ್ಟು ಭದ್ರವಾಗಿದ್ದ ಸಂಸ್ಥೆಯ ಅಡಿಗಲ್ಲು ಅಲುಗಾಡಿದ್ದು 1914ರಲ್ಲಿ, ಯುರೋಪಿನಲ್ಲಿ ಯುದ್ಧ ಸ್ಫೋಟಗೊಂಡಾಗ. ಬ್ರಿಟಿಷ್ ಸರ್ಕಾರಕ್ಕೆ ಜರ್ಮನ್ ಪಾದ್ರಿಗಳು ಶತ್ರುಗಳಾದರು, ಬಂಧನದಲ್ಲಿ ಕುಳಿತರು. ಕಾರ್ಖಾನೆಗಳು ಅವರ ಕೈತಪ್ಪಿ ಮುಂದೆ ‘ಕಾಮನ್‌ವೆಲ್ತ್ ಟ್ರಸ್ಟ್’ನ ವಶವಾದವು. ಜೆಪ್ಪುವಿನಲ್ಲಿ ಮಣ್ಣು ತುಳಿಯುತ್ತಿದ್ದ ಕೂಲಿಗೂ ಬರ್ಲಿನ್ನಿಗೂ ಯಾವ ಸಂಬಂಧ? ಆದರೆ ಬೇರು ಹೊರದೇಶದಲ್ಲಿರುವ ಸಂಸ್ಥೆಗೆ ಇಂಥ ಅಪಾಯ ಯಾವತ್ತೂ ತಪ್ಪಿದ್ದಲ್ಲ.

ಇಂದಿನ ಸಂಸ್ಥೆಗಳಿಗೂ ಇದು ಗೊತ್ತು. ವಿದೇಶಿ ದೇಣಿಗೆಯ ನಿಯಂತ್ರಣಕ್ಕಾಗಿ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ ಬಂದ ಕಾನೂನು 2010ರಲ್ಲಿ ಹೊಸದಾಯಿತು, 2020ರಲ್ಲಿ ಮತ್ತಷ್ಟು ಬಿಗಿಯಾಯಿತು. ವಿದೇಶಿ ಹಣವೆಲ್ಲ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು. ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತ ವೆಚ್ಚಕ್ಕೆ ಹಿಂದೆ ಶೇಕಡ 50ರವರೆಗೆ ಅವಕಾಶವಿದ್ದುದು 20ಕ್ಕೆ ಇಳಿಯಿತು. ದುರುಪಯೋಗ ತಡೆಯಬೇಕೆಂಬ ಉದ್ದೇಶ ತಪ್ಪಲ್ಲ. ಸೇವೆಯ ಹೆಸರಿನಲ್ಲಿ ಬೋರ್ಡು ಮಾತ್ರ ನೇತುಹಾಕಿ, ಜೀಪು ಇಟ್ಟುಕೊಂಡು ತಿರುಗಿದವರು ಇಲ್ಲದಿಲ್ಲ. ಆದರೆ ದೊಡ್ಡ ಸಂಸ್ಥೆಯಿಂದ ಹಣ ಪಡೆದು ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಸಣ್ಣ ಸಂಸ್ಥೆಗಳಿಗೆ ಇದರಿಂದ ಆದ ತೊಂದರೆ ಸಣ್ಣದಲ್ಲ. ‘ಆಡಳಿತ ವೆಚ್ಚ’ ಎಂದರೆ ಏನು? ಅದರಲ್ಲಿ ಕಚೇರಿಯ ಬಾಡಿಗೆಯಿದೆ, ಲೆಕ್ಕ ಬರೆಯುವವರ ಸಂಬಳವಿದೆ. ಲೆಕ್ಕ ಸರಿಯಾಗಿರಬೇಕು, ಆದರೆ ಲೆಕ್ಕಿಗನಿಗೆ ಕೊಡುವುದು ಕಡಿಮೆಯಾಗಿರಬೇಕು ಎಂದರೆ ಹೇಗೆ?

ಕಂಪೆನಿಗಳ ಹಣದ್ದು ಮತ್ತೊಂದು ಬಗೆ. 2013ರ ಕಂಪೆನಿ ಕಾಯಿದೆಯ ಪ್ರಕಾರ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಬಂದರು, ತೈಲ ಶುದ್ಧೀಕರಣ, ರಸಗೊಬ್ಬರ ಎಂದು ಉದ್ಯಮಗಳು ಸಾಲುಗಟ್ಟಿ ನಿಂತಿರುವ ಮಂಗಳೂರಿನಂಥ ಊರಿಗೆ ಇದು ಒಳ್ಳೆಯದೇ. ಒಂದೇ ಕೊರತೆ, ಈ ಹಣಕ್ಕೆ ಕಣ್ಣಿಗೆ ಕಾಣುವ ವಸ್ತುಗಳ ಮೇಲೆ ಪ್ರೀತಿ ಹೆಚ್ಚು. ಶಾಲೆಗೆ ಕೊಠಡಿ, ಶುದ್ಧ ನೀರಿನ ಯಂತ್ರ, ಆಂಬ್ಯುಲೆನ್ಸ್ ಸಿಗುತ್ತವೆ. ಉದ್ಘಾಟನೆಯಾಗುತ್ತದೆ, ಫೋಟೋ ಬರುತ್ತದೆ. ಕುಡಿತ ಬಿಟ್ಟವನ ಮನೆಗೆ ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಕುಳಿತು ಬರುವ ಕಾರ್ಯಕರ್ತೆಯ ಸಂಬಳಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಪುಡಿಗಾಸು ಕೊಟ್ಟು ಮಕ್ಕಳನ್ನು ಶಾಲೆಗೆ ಕರೆದ ರಂಗರಾಯರು ಇಂದು ಅರ್ಜಿ ಹಾಕಿದ್ದರೆ, ಆ ಬಾಬತ್ತನ್ನು ಯಾವ ಅಂಕಣದಲ್ಲಿ ತೋರಿಸುತ್ತಿದ್ದರೋ!

ಜನ ಎಲ್ಲಿದ್ದಾರೆ?

ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರದ್ದು. ಅದರಂತೆ ಏಳು ಮಂದಿ ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಮಹಾಸಭೆ ಮಾಡಿ, ಲೆಕ್ಕ ಪರಿಶೋಧಿಸಿ, ರಿಜಿಸ್ಟ್ರಾರರಿಗೆ ಒಪ್ಪಿಸಬೇಕು. ಕಾಗದದ ಮೇಲೆ ಏಳು ಮಂದಿಯಾದರೂ ನಿಜವಾಗಿ ಕೆಲಸ ಮಾಡುವವರು ಇಬ್ಬರು ಎಂಬುದು ಯಾವ ಸಂಘದಲ್ಲೂ ಗುಟ್ಟಿನ ವಿಷಯವಲ್ಲ. ಕರಾವಳಿಯ ಯುವಕರು ಬೆಂಗಳೂರು, ಮುಂಬಯಿ, ಗಲ್ಫ್ ಎಂದು ಹೊರಟುಹೋಗುತ್ತಾರೆ. ಊರಿನ ಸಂಘಕ್ಕೆ ಅವರಿಂದ ಹಣ ಬರುತ್ತದೆ, ಜನ ಬರುವುದಿಲ್ಲ. ಬ್ಯಾಂಕುಗಳ ತವರೆನಿಸಿದ ಈ ಜಿಲ್ಲೆಯಲ್ಲಿ ಖಜಾಂಚಿಯ ಸ್ಥಾನಕ್ಕೆ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಸಿಗುತ್ತಾರೆಂಬುದೇ ದೊಡ್ಡ ಸಮಾಧಾನ.

ತರಬೇತಾದ ಕಾರ್ಯಕರ್ತರ ವಿಷಯದಲ್ಲಿ ಮಂಗಳೂರು ಬಡ ಊರೇನಲ್ಲ. 1960ರಲ್ಲಿ ಪ್ರಾರಂಭವಾದ ರೋಶನಿ ನಿಲಯದ ಸಮಾಜಕಾರ್ಯ ಕಾಲೇಜು ಇಲ್ಲಿದೆ. ಅಲ್ಲಿ ಕಲಿತವರು ದೇಶದುದ್ದಕ್ಕೂ ದುಡಿಯುತ್ತಿದ್ದಾರೆ. ಆದರೆ ಸ್ನಾತಕೋತ್ತರ ಪದವಿ ಪಡೆದ ಹುಡುಗಿಗೆ ಸ್ಥಳೀಯ ಸಂಸ್ಥೆ ಕೊಡಬಲ್ಲ ಸಂಬಳವನ್ನು ಕೇಳಿದರೆ ಆಕೆಯ ತಂದೆ ಕಂಪೆನಿಯ ಕೆಲಸವನ್ನೇ ಹುಡುಕಲು ಹೇಳುತ್ತಾರೆ. ಅವರನ್ನು ದೂರಿ ಫಲವಿಲ್ಲ.

ಕೆಲಸ ಚೆನ್ನಾಗಿ ನಡೆದರೂ ಒಂದು ಸಮಸ್ಯೆ ಇದೆ. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ 1098 ಎಂಬ ದೂರವಾಣಿ ಸೇವೆ 1996ರಲ್ಲಿ ಮುಂಬಯಿಯಲ್ಲಿ ಪ್ರಯೋಗವಾಗಿ ಶುರುವಾಯಿತು. ಮುಂದೆ ಊರೂರಿನ ಸ್ವಯಂಸೇವಾ ಸಂಸ್ಥೆಗಳು ಅದನ್ನು ಹೊತ್ತು ನಡೆಸಿದವು. 2023ರಲ್ಲಿ ಸರ್ಕಾರ ಅದನ್ನು ತಾನೇ ವಹಿಸಿಕೊಂಡಿತು. ಪ್ರಯೋಗ ಗೆದ್ದು ಸರ್ಕಾರದ ಹೊಣೆಯಾಯಿತು ಎಂದು ಸಂತೋಷಪಡಬೇಕು. ಆದರೆ ಯಾವ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಎಂಥ ಮಕ್ಕಳು ಇಳಿಯುತ್ತಾರೆ, ಯಾವ ಹೋಟೆಲಿನ ಹಿಂಬಾಗಿಲಲ್ಲಿ ನೋಡಬೇಕು ಎಂದು ವರ್ಷಗಟ್ಟಲೆ ತಿರುಗಿ ತಿಳಿದುಕೊಂಡವರ ಅನುಭವ ಕಡತದ ಜೊತೆ ವರ್ಗವಾಗುವಂಥದ್ದಲ್ಲ. ರಾಸಾಯನಿಕ ಕ್ರಿಯೆಯಲ್ಲಿ ಕ್ರಿಯಾವರ್ಧಕ ಕೊನೆಗೆ ಇದ್ದಂತೆಯೇ ಉಳಿಯುತ್ತದೆ ಎಂದು ಹೈಸ್ಕೂಲಿನಲ್ಲಿ ಓದುತ್ತೇವೆ. ಮನುಷ್ಯರ ವಿಷಯದಲ್ಲಿ ಹಾಗಾಗುವುದಿಲ್ಲ.

ಭಾನುವಾರದ ಪೊರಕೆ

ಈಚಿನ ವರ್ಷಗಳಲ್ಲಿ ಮಂಗಳೂರಿಗರು ಹತ್ತಿರದಿಂದ ಕಂಡ ಉದಾಹರಣೆ ಎಂದರೆ ಸ್ವಚ್ಛತೆಯದು. 2015ರಿಂದ ಮಂಗಳಾದೇವಿಯ ರಾಮಕೃಷ್ಣ ಮಿಷನ್ ಭಾನುವಾರಗಳಂದು ಬೆಳಿಗ್ಗೆ ಶ್ರಮದಾನ ಹಮ್ಮಿಕೊಂಡಿತು. ಸ್ವಾಮೀಜಿಗಳು, ವಿದ್ಯಾರ್ಥಿಗಳು, ವೈದ್ಯರು, ವ್ಯಾಪಾರಿಗಳು ಪೊರಕೆ ಹಿಡಿದು ಬೀದಿಗಿಳಿದರು. ಗಬ್ಬು ನಾರುತ್ತಿದ್ದ ಮೂಲೆಗಳು ಬಣ್ಣ ಕಂಡವು, ಬಸ್ ತಂಗುದಾಣಗಳು ಕುಳಿತುಕೊಳ್ಳುವಂತಾದವು. ಊರಿನ ಮುಖ ಸ್ವಲ್ಪ ಬದಲಾಯಿತು ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಗುಡಿಸಿದ ಕಸ ಎಲ್ಲಿಗೆ ಹೋಗುತ್ತದೆ? ನಗರದ ಕಸವೆಲ್ಲ ಪಚ್ಚನಾಡಿಗೆ. ಅಲ್ಲಿ ವರ್ಷಗಳಿಂದ ಹಸಿ-ಒಣ ಎಂಬ ಭೇದವಿಲ್ಲದೆ ಸುರಿದ ಕಸ ಗುಡ್ಡವಾಗಿ ಬೆಳೆದಿತ್ತು. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 3,500 ಮಿಲಿಮೀಟರ್. ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪ್ಲಾಸ್ಟಿಕ್ ಹಾಳೆಗಳು ಪದರ ಪದರವಾಗಿ ಕೂತ ರಾಶಿಯಲ್ಲಿ ನೀರು ಸರಾಗವಾಗಿ ಇಳಿದುಹೋಗಲಾರದು. ಒಳಗೇ ನಿಂತು ಭಾರ ಹೆಚ್ಚುತ್ತದೆ. ಕೊಳೆತ ಪದಾರ್ಥ ಕೆಸರಾಗುತ್ತದೆ, ಕಣಗಳ ನಡುವಿನ ಹಿಡಿತ ತಪ್ಪುತ್ತದೆ. 2019ರ ಆಗಸ್ಟ್ ಮಳೆಗೆ ಆದದ್ದು ಅದೇ. ಕಸದ ಗುಡ್ಡ ಜರಿದು ಕೆಳಗಿನ ಮಂದಾರದ ಕಡೆಗೆ ಹರಿಯಿತು. ತೆಂಗು-ಅಡಿಕೆ ತೋಟಗಳು, ಮನೆಗಳು ಕಸದಡಿ ಸೇರಿದವು. ಅಲ್ಲಿದ್ದ ಕುಟುಂಬಗಳು ಮನೆ ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ತಮ್ಮ ತಪ್ಪೇನೂ ಇಲ್ಲದೆ ಅವರು ಇಡೀ ಪಟ್ಟಣದ ಅಡುಗೆಮನೆಯ ಕಸವನ್ನು ಅಂಗಳದಲ್ಲಿ ಕಂಡರು.

ಸ್ವಯಂಸೇವಾ ಸಂಸ್ಥೆಯ ಶಕ್ತಿ ಎಲ್ಲಿಯವರೆಗೆ, ಮಿತಿ ಎಲ್ಲಿಂದ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಭಾನುವಾರ ಬೀದಿ ಗುಡಿಸಲು ಜನರನ್ನು ಸೇರಿಸಬಹುದು. ಸೋಮವಾರದಿಂದ ಶನಿವಾರದವರೆಗಿನ ಲಾರಿ, ಸಂಸ್ಕರಣ ಘಟಕ, ಗುತ್ತಿಗೆ, ದಂಡ ಇವೆಲ್ಲ ಮಹಾನಗರಪಾಲಿಕೆಯ ಹೊಣೆ. ಅದನ್ನು ಯಾವ ಶ್ರಮದಾನವೂ ಹೊರಲಾರದು. ಇನ್ನು ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ನಿಯಮಗಳು ಹೇಳಿದವು. ಅದು ಪಾಲಿಕೆಯ ಕೈಯಲ್ಲೂ ಇಲ್ಲ, ಸಂಸ್ಥೆಯ ಕೈಯಲ್ಲೂ ಇಲ್ಲ. ಮೀನಿನ ಮುಳ್ಳನ್ನೂ ಹಾಲಿನ ಪ್ಯಾಕೆಟ್ಟನ್ನೂ ಒಂದೇ ಚೀಲಕ್ಕೆ ತುರುಕುವ ಕೈಯಲ್ಲಿದೆ.

ಈ ನಡುವಿನ ಜಾಗದಲ್ಲಿ ಸಂಸ್ಥೆಗಳಿಗೆ ನಿಜವಾದ ಕೆಲಸವಿದೆ, ಮಡಕೆ ಗೊಬ್ಬರದಂಥದ್ದು. ತೂತಿರುವ ಮಣ್ಣಿನ ಮಡಕೆಯಲ್ಲಿ ಅಡುಗೆಮನೆಯ ಹಸಿ ಕಸ ಹಾಕಿ, ಮೇಲೆ ಒಣ ತರಗೆಲೆಯನ್ನೋ ತೆಂಗಿನ ನಾರಿನ ಹುಡಿಯನ್ನೋ ಉದುರಿಸಿ, ಆಗಾಗ ಕೆದಕುತ್ತಾ ಬಂದರೆ ಒಂದೆರಡು ತಿಂಗಳಲ್ಲಿ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಕೆದಕುವುದು ಗಾಳಿಗಾಗಿ. ಗಾಳಿ ಸಿಕ್ಕರೆ ಒಂದು ಬಗೆಯ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ, ವಾಸನೆ ಬರುವುದಿಲ್ಲ. ಸಿಗದಿದ್ದರೆ ಬೇರೆ ಬಗೆಯವು ಸೇರಿಕೊಂಡು ಮೀಥೇನ್ ಅನಿಲ, ದುರ್ವಾಸನೆ ಎರಡನ್ನೂ ಹುಟ್ಟಿಸುತ್ತವೆ. ಪಚ್ಚನಾಡಿಯ ಒಡಲೊಳಗೆ ನಡೆಯುವುದು ಅದು. ಇಷ್ಟನ್ನು ಕರಪತ್ರದಲ್ಲಿ ಅಚ್ಚುಹಾಕಿ ಹಂಚಬಹುದು. ಆದರೆ ಮೊದಲ ವಾರ ಮಡಕೆಯಲ್ಲಿ ಹುಳ ಕಂಡ ಗೃಹಿಣಿ ಅದನ್ನು ಹಿತ್ತಿಲಿಗೆ ಎಸೆಯದಂತೆ ಮಾಡಲು ಯಾರಾದರೂ ಆ ಮನೆಗೆ ಹೋಗಿ, ‘ಹೆದರಬೇಡಿ ಅಕ್ಕಾ, ಒಂದು ಹಿಡಿ ತರಗೆಲೆ ಹಾಕಿ, ಸರಿಯಾಗುತ್ತದೆ’ ಎನ್ನಬೇಕು. ಮುಂದಿನ ವಾರ ಮತ್ತೆ ಹೋಗಬೇಕು.

ಶ್ರಮದಾನದ ದಿನ ಪೊರಕೆ ಹಿಡಿದವರ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಉಳಿದ ದಿನಗಳಲ್ಲಿ ಬೆಳಕು ಹರಿಯುವ ಮುನ್ನ ಹಂಪನಕಟ್ಟೆಯ ರಸ್ತೆ ಗುಡಿಸುವ ಪೌರಕಾರ್ಮಿಕರ ಚಿತ್ರ ಬರುವುದು ಅವರು ಮುಷ್ಕರ ಹೂಡಿದಾಗ. ಅವರ ಹಿಂದಿನವರನ್ನು ರಂಗರಾಯರ ಕಾಲದಲ್ಲಿ ತೋಟಿಗಳೆಂದು ಕರೆಯುತ್ತಿದ್ದರು. ಮೇಲ್ಜಾತಿಯವರ ಮನೆಯ ಜಗಲಿಗೂ ಅವರಿಗೆ ಪ್ರವೇಶವಿರಲಿಲ್ಲ.

ರಂಗರಾಯರು ಬದುಕಿನ ಕೊನೆಯಲ್ಲಿ ಸನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. ತೀರಿಕೊಂಡದ್ದು 1928ರ ಜನವರಿ 30ರಂದು. ತಮ್ಮ ಅಂತ್ಯಕ್ರಿಯೆಯನ್ನು ತೋಟಿಗಳೇ ಮಾಡಬೇಕೆಂದು ಅವರು ಮೊದಲೇ ಹೇಳಿಟ್ಟಿದ್ದರು. ಅತ್ತಾವರದ ಬಾಬುಗುಡ್ಡೆಯಲ್ಲಿ ಬ್ರಹ್ಮಸಮಾಜದ ಜಾಗದಲ್ಲಿ ಅವರ ಸಮಾಧಿ ಇದೆ. ಪುರಭವನದಿಂದ ಅಲ್ಲಿಗೆ ನಡೆದೇ ಹೋಗಬಹುದು.